ಪರವಾನಿಗೆ ಕೊಟ್ಟವರು ಬಸ್ ನಿಲ್ದಾಣಕ್ಕೂ ಬರಲಿ

ನಮ್ಮ ರಾಜ್ಯದಲ್ಲಿ ಸಾರಿಗೆಯ ಕುರಿತಾದ ಚರ್ಚೆ ಎರಡೇ ಎರಡು ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತಿದೆ. ಮಹಿಳೆಯರಿಗೆ ಉಚಿತ ಪ್ರಯಾಣ ಬೇಕೇ ಬೇಡವೇ ಎಂಬುದು ಒಂದು. ಟಿಕೆಟ್ ದರ ಏರಿಸಬೇಕೇ ಬಾರದೇ ಎಂಬುದು ಇನ್ನೊಂದು. ವಿಧಾನಸಭೆಯಲ್ಲಿ ಆಡಳಿತ ಪಕ್ಷ ಮೊದಲನೆಯದನ್ನು ಹಿಡಿದುಕೊಂಡು ಮೇಜು ಕುಟ್ಟುತ್ತದೆ. ವಿರೋಧ ಪಕ್ಷ ಎರಡನೆಯದನ್ನು ಹಿಡಿದುಕೊಂಡು ಬೀದಿಗಿಳಿಯುತ್ತದೆ. ಆದರೆ ಸಂಜೆ ಏಳೂವರೆಗೆ ಬರಬೇಕಾದ ಬಸ್ಸು ಬಾರದೇ ಇದ್ದಾಗ ಅದಕ್ಕೆ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಎರಡೂ ಪಕ್ಷಗಳು ಕೇಳುವುದಿಲ್ಲ. ಯಾಕೆಂದರೆ, ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಅದು ಕೊನೆಗೆ ತಲುಪುವುದು ಸರಕಾರದ ಬಾಗಿಲಿಗೆ. ಇವತ್ತು ಒಬ್ಬರು ಆ ಬಾಗಿಲಿನ ಒಳಗಿದ್ದರೆ, ನಾಳೆ ಇನ್ನೊಬ್ಬರು ಇರುತ್ತಾರೆ.

ನಿಜವಾಗಿ, ಈ ದೇಶದ ಕಾನೂನು ಬಸ್ ಪ್ರಯಾಣಿಕನನ್ನು ಅನಾಥನನ್ನಾಗಿ ಬಿಟ್ಟಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ರಸ್ತೆಯಲ್ಲಿ ಪ್ರಯಾಣಿಕರನ್ನು ಹತ್ತಿಸುತ್ತಾ ಇಳಿಸುತ್ತಾ ಸಾಗುವ ಯಾವ ಬಸ್ಸೂ ಪರವಾನಿಗೆ ಇಲ್ಲದೆ ಓಡುವಂತಿಲ್ಲ. ಆ ಪರವಾನಿಗೆ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ನಮ್ಮ ರಾಜ್ಯದಲ್ಲಿ ಅದರ ಅಧ್ಯಕ್ಷರು ಬೇರಾರೂ ಅಲ್ಲ, ಜಿಲ್ಲಾಧಿಕಾರಿಗಳೇ. ಪರವಾನಿಗೆ ಎಂದರೆ ರಸ್ತೆಯಲ್ಲಿ ಹಣ ಸಂಪಾದಿಸಲು ಸರಕಾರ ಕೊಟ್ಟ ಚೀಟಿ ಎಂದು ಭಾವಿಸಿದವರಿದ್ದಾರೆ. ಅದು ತಪ್ಪು. ಪರವಾನಿಗೆಯೆಂದರೆ ಇಂಥ ಮಾರ್ಗದಲ್ಲಿ, ಇಂಥ ಸಮಯಕ್ಕೆ, ಇಷ್ಟು ಟ್ರಿಪ್ ಓಡಿಸುತ್ತೇನೆ ಎಂದು ಮಾಲಕ ಸಾರ್ವಜನಿಕರಿಗೆ ಕೊಟ್ಟ ಮಾತು. ಪ್ರಾಧಿಕಾರ ಆ ಮಾತಿಗೆ ಸಾಕ್ಷಿ ಮಾತ್ರವಲ್ಲ, ಜಾಮೀನುದಾರ ಕೂಡಾ. ವೇಳಾಪಟ್ಟಿಯನ್ನು ಎಷ್ಟರ ಮಟ್ಟಿಗೆ ಮೀರಬಹುದು ಎಂಬ ಮಿತಿಯನ್ನು ವಿಧಿಸುವ ಅಧಿಕಾರ ಕಾಯ್ದೆಯ 72ನೇ ಕಲಮಿನಲ್ಲಿದೆ. ಮಂಜೂರಾದ ವೇಳಾಪಟ್ಟಿಯ ಪ್ರತಿಯನ್ನು ಬಸ್ಸಿನಲ್ಲೂ ನಿಲ್ದಾಣಗಳಲ್ಲೂ ತೂಗುಹಾಕಬೇಕೆಂದು ಷರತ್ತು ವಿಧಿಸುವ ಅಧಿಕಾರವೂ ಅಲ್ಲೇ ಇದೆ. ಷರತ್ತು ಮುರಿದರೆ ಪರವಾನಿಗೆಯನ್ನು ಅಮಾನತು ಮಾಡುವ ಅಥವಾ ರದ್ದುಗೊಳಿಸುವ ಅಧಿಕಾರ 86ನೇ ಕಲಮಿನಲ್ಲಿದೆ.

ಈಗ ಓದುಗರು ತಮ್ಮೂರಿನ ಬಸ್ ತಂಗುದಾಣವನ್ನೊಮ್ಮೆ ನೆನಪಿಸಿಕೊಳ್ಳಲಿ. ಅಲ್ಲಿ ಶಾಸಕರ ನಿಧಿಯಿಂದ ತಂಗುದಾಣ ಕಟ್ಟಿಸಿದ್ದಕ್ಕೆ ಅಭಿನಂದನೆಯ ಫಲಕವಿದೆ. ಟ್ಯೂಷನ್ ಸೆಂಟರಿನ ಜಾಹೀರಾತಿದೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಇದೆ. ಬಸ್ಸಿನ ವೇಳಾಪಟ್ಟಿ ಎಲ್ಲಿದೆ? ವೇಳಾಪಟ್ಟಿಯೇ ಗೊತ್ತಿಲ್ಲದ ಪ್ರಯಾಣಿಕ, ಬಸ್ಸು ತಪ್ಪಿತೋ ತಡವಾಯಿತೋ ಅಥವಾ ಇವತ್ತು ಹೊರಡಲೇ ಇಲ್ಲವೋ ಎಂಬುದನ್ನು ತಿಳಿಯುವುದಾದರೂ ಹೇಗೆ? ದೂರು ಕೊಡುವುದಾದರೂ ಯಾವ ಆಧಾರದಲ್ಲಿ?

ಕರಾವಳಿಯ ಜಿಲ್ಲೆಗಳಲ್ಲಿ ‘ಟ್ರಿಪ್ ಕಟ್’ ಎಂಬ ಮಾತು ಕೇಳದವರು ವಿರಳ. ಹಗಲಿಡೀ ಒಂದರ ಹಿಂದೆ ಒಂದರಂತೆ ಓಡುವ ಖಾಸಗಿ ಬಸ್ಸುಗಳ ಪೈಕಿ ಹಲವು ಕತ್ತಲಾಗುತ್ತಿದ್ದಂತೆಯೇ ಮಾಯವಾಗುತ್ತವೆ. ಆದಿತ್ಯವಾರವಂತೂ ಕೇಳುವುದೇ ಬೇಡ. ಕೊನೆಯ ಟ್ರಿಪ್‌ನಲ್ಲಿ ಪ್ರಯಾಣಿಕರು ಕಡಿಮೆ, ಡೀಸೆಲ್ ಖರ್ಚು ಹುಟ್ಟುವುದಿಲ್ಲ ಎಂಬುದು ಮಾಲಕರ ಸಮಜಾಯಿಷಿ. ಇರಬಹುದು. ಆದರೆ ಬೆಳಗ್ಗಿನ ಎಂಟು ಗಂಟೆಯ ತುಂಬಿ ತುಳುಕುವ ಟ್ರಿಪ್ ಮತ್ತು ರಾತ್ರಿ ಎಂಟು ಗಂಟೆಯ ಖಾಲಿ ಟ್ರಿಪ್ ಎರಡೂ ಒಂದೇ ಪರವಾನಿಗೆಯಲ್ಲಿವೆ ಎಂಬುದನ್ನು ಮರೆಯಬಾರದು. ಲಾಭದ ಟ್ರಿಪ್ ತನಗೆ, ನಷ್ಟದ ಟ್ರಿಪ್ ಯಾರಿಗೂ ಬೇಡ ಎಂಬ ವ್ಯಾಪಾರಕ್ಕೆ ಕಾನೂನು ಪರವಾನಿಗೆ ಕೊಟ್ಟಿಲ್ಲ. ಆ ಖಾಲಿ ಟ್ರಿಪ್‌ಗಾಗಿ ಕಾಯುತ್ತಿರುವವರು ಯಾರು? ಜವಳಿ ಅಂಗಡಿಯಲ್ಲಿ ದಿನವಿಡೀ ನಿಂತು ದುಡಿದ ಹೆಣ್ಮಗಳು. ಆಸ್ಪತ್ರೆಯಲ್ಲಿ ಪಾಳಿ ಮುಗಿಸಿದ ದಾದಿ. ಪ್ರಯೋಗಾಲಯದ ತರಗತಿ ಮುಗಿಸಿ ಬಂದ ವಿದ್ಯಾರ್ಥಿನಿ. ಆಸ್ಪತ್ರೆಯಲ್ಲಿರುವ ತಾಯಿಗೆ ಊಟ ತಲುಪಿಸಿ ಮರಳುತ್ತಿರುವ ಮಗ. ಇವರ ಬಳಿ ಕಾರಿಲ್ಲ. ಆಟೊಗೆ ಕೊಡಲು ಇನ್ನೂರು ರೂಪಾಯಿಯೂ ಇಲ್ಲ.

ನಮ್ಮ ಓದುಗ ಕುಟುಂಬಗಳಲ್ಲಿ ಇದರ ಪರಿಣಾಮ ಏನೆಂದು ವಿವರಿಸಬೇಕಾದ ಅಗತ್ಯವಿಲ್ಲ. ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ಪದವಿಗೆ ಪೇಟೆಯ ಕಾಲೇಜಿಗೆ ಹೋಗಬೇಕು. ತಂದೆಗೆ ಅಭ್ಯಂತರವಿಲ್ಲ, ತಾಯಿಗೂ ಇಲ್ಲ. ಆದರೆ ಸಂಜೆ ಬಸ್ಸಿಲ್ಲ. ಅಲ್ಲಿಗೆ ಕಲಿಕೆ ನಿಲ್ಲುತ್ತದೆ. ಬಳಿಕ ನಾವು ವೇದಿಕೆಗಳಲ್ಲಿ ನಿಂತು ಹೆಣ್ಮಕ್ಕಳು ಶಿಕ್ಷಣದಲ್ಲಿ ಹಿಂದುಳಿದಿದ್ದಾರೆಂದು ಮರುಗುತ್ತೇವೆ. ಪಾಲಕರ ಮನಸ್ಥಿತಿಯನ್ನು ದೂರುತ್ತೇವೆ. ಪಾಲಕರನ್ನು ದೂರುವ ಮೊದಲು ವೇಳಾಪಟ್ಟಿಯನ್ನೂ ಒಮ್ಮೆ ನೋಡಬಾರದೇ?

ಅಷ್ಟಕ್ಕೂ ಪ್ರಾಧಿಕಾರದ ಸಭೆಗಳಲ್ಲಿ ನಡೆಯುವುದೇನು? ಹೊಸ ಪರವಾನಿಗೆಗೆ ಅರ್ಜಿ, ಅದಕ್ಕೆ ಇನ್ನೊಬ್ಬ ಮಾಲಕರ ಆಕ್ಷೇಪ, ಸಮಯ ಬದಲಾವಣೆಗೆ ಕೋರಿಕೆ, ಅದಕ್ಕೆ ಮತ್ತೊಬ್ಬರ ತಕರಾರು. ಒಂದು ನಿಮಿಷದ ಅಂತರಕ್ಕಾಗಿ ವಕೀಲರು ತಾಸುಗಟ್ಟಲೆ ವಾದಿಸುತ್ತಾರೆ. ಅಲ್ಲಿ ಎಲ್ಲರ ಪರವಾಗಿಯೂ ಮಾತಾಡುವವರಿದ್ದಾರೆ, ಪ್ರಯಾಣಿಕನೊಬ್ಬನ ಹೊರತು. ಸಾರ್ವಜನಿಕರಿಗೆ ಅಹವಾಲು ಹೇಳಲು ಅವಕಾಶ ಸಿಕ್ಕಿದ ಸಭೆಗಳೂ ಇವೆ ಎಂಬುದು ನಿಜ. ಆದರೆ ಅದು ಆಯಾ ಜಿಲ್ಲಾಧಿಕಾರಿಯ ಸೌಜನ್ಯವೇ ಹೊರತು ಪ್ರಯಾಣಿಕನ ಹಕ್ಕಾಗಿ ಬೆಳೆದಿಲ್ಲ. ಜಿಲ್ಲಾಧಿಕಾರಿ ವರ್ಗವಾದರೆ ಸೌಜನ್ಯವೂ ವರ್ಗವಾಗುತ್ತದೆ. ಅಧಿಕಾರಿಯಲ್ಲದವರನ್ನೂ ಪ್ರಾಧಿಕಾರದ ಸದಸ್ಯರನ್ನಾಗಿ ನೇಮಿಸಲು ಕಾಯ್ದೆಯ 68ನೇ ಕಲಮಿನಲ್ಲಿ ಅವಕಾಶವಿದೆ. ಸಾರಿಗೆ ಉದ್ಯಮದಲ್ಲಿ ಹಣಕಾಸಿನ ಹಿತಾಸಕ್ತಿ ಇರುವವರು ಅಲ್ಲಿ ಕೂರುವಂತಿಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಹಾಗಿದ್ದರೆ ಒಬ್ಬ ಶಿಕ್ಷಕಿಯನ್ನೋ ನಿವೃತ್ತ ಪ್ರಾಂಶುಪಾಲರನ್ನೋ ಅಲ್ಲಿ ಕೂರಿಸಲು ಅಡ್ಡಿಯೇನು?

ಇನ್ನು, ಬಸ್ಸುಗಳ ನಡುವಿನ ಪೈಪೋಟಿಯ ಓಟದ ಬಗ್ಗೆ. ಎದುರಿನ ಬಸ್ಸನ್ನು ಹಿಂದಿಕ್ಕಿ ಮುಂದಿನ ನಿಲ್ದಾಣದ ಪ್ರಯಾಣಿಕರನ್ನು ತುಂಬಿಕೊಳ್ಳುವ ಧಾವಂತದಲ್ಲಿ ಚಾಲಕನಿಗೆ ರಸ್ತೆ ಕಾಣಿಸುವುದಿಲ್ಲ. ಬಾಗಿಲ ಮೆಟ್ಟಿಲಲ್ಲಿ ನೇತಾಡುವ ವಿದ್ಯಾರ್ಥಿ ಬಿದ್ದು ಪ್ರಾಣ ಕಳಕೊಂಡ ದಿನ ಚಾಲಕನ ಮೇಲೆ ಕೇಸು ಬೀಳುತ್ತದೆ. ಆದರೆ ಆ ಚಾಲಕನನ್ನೂ ನಿರ್ವಾಹಕನನ್ನೂ ಓಡಿಸುತ್ತಿರುವುದು ಯಾವುದು? ದಿನದ ಕಲೆಕ್ಷನ್. ಕಲೆಕ್ಷನ್ ಹೆಚ್ಚಿದರೆ ಬತ್ತೆ ಹೆಚ್ಚು, ಕಡಿಮೆಯಾದರೆ ಸಂಜೆ ಮಾಲಕರ ಮುಂದೆ ತಲೆ ತಗ್ಗಿಸಬೇಕು. ವಿದ್ಯಾರ್ಥಿಗಳ ಗುಂಪು ಕಂಡಾಕ್ಷಣ ಬಸ್ಸು ನಿಲ್ಲಿಸದೆ ಹೋಗುವುದರ ಹಿಂದಿನ ಗುಟ್ಟೂ ಇದೇ. ರಿಯಾಯಿತಿ ದರದ ವಿದ್ಯಾರ್ಥಿಯಿಂದ ಕಲೆಕ್ಷನ್ ಹುಟ್ಟುವುದಿಲ್ಲ. ಚಾಲಕನ ಲೈಸನ್ಸನ್ನು ಅಮಾನತುಗೊಳಿಸಿ ಕೈತೊಳೆದುಕೊಳ್ಳುವುದು ಸುಲಭ. ಸಂಬಳದ ಬದಲು ಕಲೆಕ್ಷನ್‌ಗೆ ಜೀವವನ್ನು ಕಟ್ಟಿಹಾಕಿದ ಪದ್ಧತಿಯನ್ನು ಪ್ರಶ್ನಿಸುವುದು ಕಷ್ಟ. ಸರಕಾರ ಯಾವಾಗಲೂ ಸುಲಭದ ದಾರಿಯನ್ನೇ ಆರಿಸಿಕೊಂಡಿದೆ.

ಹಾಗಂತ ಖಾಸಗಿ ಬಸ್ಸುಗಳನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸಿದರೆ ಅದು ನ್ಯಾಯವಾಗುವುದಿಲ್ಲ. ಸರಕಾರದ ಬಸ್ಸೇ ಕಾಣದ ಹಳ್ಳಿಗಳಿಗೆ ದಶಕಗಳ ಕಾಲ ಬಸ್ಸು ಓಡಿಸಿದವರು ಇದೇ ಖಾಸಗಿಯವರು. ಆದ್ದರಿಂದ ಸರಕಾರದ ಇನ್ನೊಂದು ಮುಖವನ್ನೂ ನೋಡೋಣ. ಇಲ್ಲಿ ಸರಕಾರ ತೀರ್ಪುಗಾರ ಮಾತ್ರವಲ್ಲ, ಆಟಗಾರನೂ ಹೌದು. 1948ರಲ್ಲಿ ಮೈಸೂರು ಸರಕಾರದ ಇಲಾಖೆಯೊಂದು 120 ಬಸ್ಸುಗಳೊಂದಿಗೆ ಆರಂಭಿಸಿದ ಸೇವೆ 1961ರಲ್ಲಿ ನಿಗಮವಾಯಿತು. 1997ರಲ್ಲಿ ಬೆಂಗಳೂರು ಮತ್ತು ವಾಯವ್ಯ ನಿಗಮಗಳು, 2000ದಲ್ಲಿ ಈಶಾನ್ಯ ನಿಗಮ ಅದರಿಂದ ಬೇರ್ಪಟ್ಟವು. ಲಕ್ಷಕ್ಕೂ ಮಿಕ್ಕಿದ ನೌಕರರ ಕುಟುಂಬಗಳು ಇಂದು ಈ ನಾಲ್ಕು ನಿಗಮಗಳನ್ನು ನಂಬಿಕೊಂಡಿವೆ. ಇವುಗಳಿಗೆ ಆಧಾರವಾದ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಎರಡು ಮಾತು ಹೇಳುತ್ತದೆ. ಜನರಿಗೆ ಸಮರ್ಪಕವಾದ, ಮಿತವ್ಯಯದ, ಸುವ್ಯವಸ್ಥಿತ ಸಾರಿಗೆ ಒದಗಿಸಬೇಕು ಎಂಬುದು ಒಂದು. ವ್ಯವಹಾರದ ತತ್ವಗಳಂತೆ ನಡೆಯಬೇಕು ಎಂಬುದು ಇನ್ನೊಂದು. ಈ ಎರಡನ್ನೂ ಒಟ್ಟಿಗೆ ನಿಭಾಯಿಸಬೇಕಾದರೆ, ಸೇವೆಯ ಹೆಸರಲ್ಲಿ ಆಗುವ ಖರ್ಚನ್ನು ಸರಕಾರ ಹೊತ್ತುಹೊತ್ತಿಗೆ ತುಂಬಿಕೊಡಬೇಕು. ಇಲ್ಲಿಯೇ ಎಡವಟ್ಟಾಗಿರುವುದು.

2023 ಜೂನ್ 11ರಂದು ಶಕ್ತಿ ಯೋಜನೆ ಆರಂಭವಾಯಿತು. 2025 ಜುಲೈಯಲ್ಲಿ ಮಹಿಳೆಯರ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ತಲುಪಿತೆಂದು ಸರಕಾರ ಸಂಭ್ರಮಿಸಿತು. ನಾವು ಈ ಯೋಜನೆಯ ವಿರೋಧಿಗಳಲ್ಲ. ಗಂಡನ ಮುಂದೆ ಕೈಚಾಚದೆ ತವರಿಗೆ, ಆಸ್ಪತ್ರೆಗೆ, ಕೆಲಸಕ್ಕೆ ಹೋಗಿ ಬರುವ ಸ್ವಾತಂತ್ರ್ಯವನ್ನು ಬಡ ಮಹಿಳೆಗೆ ಈ ಯೋಜನೆ ಕೊಟ್ಟಿದೆ. ಬಸ್ಸು ತುಂಬಿದೆ ಎಂದು ಮಹಿಳೆಯರನ್ನು ಗೇಲಿ ಮಾಡುವವರು ಮೊದಲು ತಮ್ಮ ಮನೆಯ ಕೆಲಸದಾಕೆಯಲ್ಲಿ ಅವಳ ಲೆಕ್ಕ ಕೇಳಲಿ. ನಮ್ಮ ತಕರಾರು ಬೇರೆಯೇ. ಯೋಜನೆ ಘೋಷಿಸಿದ್ದು ಸರಕಾರ, ಶೂನ್ಯ ಟಿಕೆಟ್ ಹರಿದದ್ದು ನಿಗಮ. ಆ ಟಿಕೆಟ್ಟಿನ ಹಣವನ್ನು ಸರಕಾರ ಪೂರ್ತಿಯಾಗಿ, ಸಕಾಲದಲ್ಲಿ ನಿಗಮಗಳಿಗೆ ಪಾವತಿಸಬೇಕಿತ್ತು. ಬಾಕಿ ಬೆಳೆಯಿತು. 2025ರ ಆರಂಭದ ಹೊತ್ತಿಗೆ ಭವಿಷ್ಯ ನಿಧಿ ಮತ್ತು ಇಂಧನದ ಬಾಕಿ ತೀರಿಸಲು ನಿಗಮಗಳು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರಕಾರವೇ ಸಮ್ಮತಿಸಬೇಕಾಗಿ ಬಂತು. ಅದೇ ಜನವರಿ 5ರಿಂದ ಟಿಕೆಟ್ ದರ ಶೇ. 15ರಷ್ಟು ಏರಿತು. ಹೆಂಡತಿಗೆ ಉಚಿತ, ಗಂಡನಿಗೆ ದುಬಾರಿ. ಆದರೆ ಮನೆ ಒಂದೇ ತಾನೇ?

ಅದೇ ವರ್ಷ ಆಗಸ್ಟ್ 5ರಂದು ನೌಕರರು ಮುಷ್ಕರಕ್ಕಿಳಿದರು. 38 ತಿಂಗಳ ವೇತನ ಪರಿಷ್ಕರಣೆಯ ಬಾಕಿ ಕೊಡಿ ಎಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಹೈಕೋರ್ಟು ಮಧ್ಯ ಪ್ರವೇಶಿಸಿದ ಬಳಿಕ ಮುಷ್ಕರ ನಿಂತಿತು. ಪ್ರಯಾಣಿಕರು ಶಪಿಸಿದ್ದು ಚಾಲಕರನ್ನು. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಕೇಳಿ ಬೆಳೆದ ನಾವು ಕೇಳಬೇಕಾದ ಪ್ರಶ್ನೆ ಬೇರೆ. ದುಡಿಸಿಕೊಂಡು 38 ತಿಂಗಳ ಲೆಕ್ಕವನ್ನು ಬಾಕಿ ಇರಿಸಿಕೊಂಡವರು ಯಾರು? 2021ರ ಏಪ್ರಿಲಿನಲ್ಲಿ ಇದೇ ನೌಕರರು ವಾರಗಟ್ಟಲೆ ಮುಷ್ಕರ ನಡೆಸಿದಾಗ ರಾಜ್ಯದಲ್ಲಿ ಬೇರೆ ಪಕ್ಷದ ಸರಕಾರವಿತ್ತು. ಪಕ್ಷ ಬದಲಾಯಿತು, ಬಾಕಿ ಬದಲಾಗಲಿಲ್ಲ. ನಿಗಮದ ಅಧ್ಯಕ್ಷ ಸ್ಥಾನ ಸಚಿವ ಸ್ಥಾನ ಸಿಗದ ಶಾಸಕರಿಗೆ ಸಮಾಧಾನಕರ ಬಹುಮಾನವಾಗಿರುವ ತನಕ ಇದು ಬದಲಾಗುವುದೂ ಇಲ್ಲ.

ಶಕ್ತಿ ಯೋಜನೆಯ ಇನ್ನೊಂದು ವಿಪರ್ಯಾಸವನ್ನು ಕರಾವಳಿಯ ಮಹಿಳೆ ಬಲ್ಲಳು. ಅವಳೂ ಈ ರಾಜ್ಯದ ಪ್ರಜೆ, ಅವಳ ಕೈಯಲ್ಲೂ ಆಧಾರ್ ಕಾರ್ಡ್ ಇದೆ. ಆದರೆ ಅವಳ ಊರಿಗೆ ಬರುವುದು ಖಾಸಗಿ ಬಸ್ಸು ಮಾತ್ರ. ಮೈಸೂರಿನ ಮಹಿಳೆ ಉಚಿತವಾಗಿ ಪಯಣಿಸುವಾಗ ಬೀಡಿ ಕಟ್ಟಿ ಬದುಕುವ ಕರಾವಳಿಯ ಮಹಿಳೆ ಪೂರ್ತಿ ಹಣ ತೆತ್ತು ಪಯಣಿಸುತ್ತಾಳೆ. ಬಸ್ಸಿಲ್ಲದ ಊರಲ್ಲಿ ಉಚಿತ ಪ್ರಯಾಣದ ಹಕ್ಕು ಬಾವಿಯಿಲ್ಲದ ಊರಲ್ಲಿ ಹಂಚಿದ ಹಗ್ಗದಂತೆ. ಸರಕಾರಿ ಬಸ್ಸು ಯಾಕಿಲ್ಲ ಎಂದು ಕೇಳಿದರೆ, ಪರವಾನಿಗೆ ಸಿಗುತ್ತಿಲ್ಲ, ಖಾಸಗಿಯವರ ಆಕ್ಷೇಪವಿದೆ, ಪ್ರಕರಣ ನ್ಯಾಯಾಲಯದಲ್ಲಿದೆ ಎಂಬ ಉತ್ತರ ಬರುತ್ತದೆ. ಪರವಾನಿಗೆ ಕೊಡುವುದು ಸರಕಾರದ ಪ್ರಾಧಿಕಾರ. ಕೇಳುವುದು ಸರಕಾರದ ನಿಗಮ. ಸಾರ್ವಜನಿಕ ಹಿತಕ್ಕಾಗಿ ಒಂದು ಮಾರ್ಗವನ್ನು ನಿಗಮಕ್ಕೆ ವಹಿಸಿಕೊಡುವ ಯೋಜನೆ ರೂಪಿಸಲು 99 ಮತ್ತು 100ನೇ ಕಲಮುಗಳಲ್ಲಿ ದಾರಿ ಇದೆ. ಅದು ಬೇಡವೆಂದಾದರೆ ಖಾಸಗಿ ಬಸ್ಸಿನಲ್ಲೂ ಮಹಿಳೆಯರಿಗೆ ಈ ಸವಲತ್ತು ಕೊಟ್ಟು ಅದರ ಹಣವನ್ನು ಲೆಕ್ಕವಿಟ್ಟು ಭರಿಸುವ ದಾರಿಯನ್ನಾದರೂ ಯೋಚಿಸಲಿ. ಎರಡನ್ನೂ ಮಾಡದೆ, ಯೋಜನೆ ಇಡೀ ರಾಜ್ಯದ್ದು ಎನ್ನುವುದು ಸರಿಯಲ್ಲ.

ಮೇಲ್ವಿಚಾರಣೆ ಸತ್ತಾಗ ಜನರೂ ಸಾಯುತ್ತಾರೆ ಎಂಬುದಕ್ಕೆ ರಾತ್ರಿ ಬಸ್ಸುಗಳೇ ಸಾಕ್ಷಿ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಬಳಿ ಹೊತ್ತಿ ಉರಿದು 45 ಮಂದಿ ಸುಟ್ಟುಹೋದರು. ಎರಡು ವಾರ ಕಳೆಯುವಷ್ಟರಲ್ಲಿ ಹಾವೇರಿಯಲ್ಲಿ ಇನ್ನೊಂದು ಬಸ್ಸು ಉರಿಯಿತು. ಹನ್ನೆರಡು ವರ್ಷಗಳ ಬಳಿಕ, 2025ರ ಅಕ್ಟೋಬರ್ 24ರಂದು ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲು ಬಳಿ ಉರಿದು ಇಪ್ಪತ್ತರಷ್ಟು ಮಂದಿ ಬಲಿಯಾದರು. ಆ ಬಸ್ಸು ಹೊತ್ತಿದ್ದದ್ದು ದಮನ್-ದಿಯುವಿನ ನೋಂದಣಿ ಸಂಖ್ಯೆಯನ್ನು. ಓಡುವುದು ದಕ್ಷಿಣದಲ್ಲಿ, ನೋಂದಣಿ ಪಶ್ಚಿಮದಲ್ಲಿ ಅಥವಾ ಈಶಾನ್ಯದಲ್ಲಿ. ತೆರಿಗೆ ಎಲ್ಲಿ ಅಗ್ಗವೋ ಅಲ್ಲಿ ಕಾಗದ, ಪ್ರಯಾಣಿಕರು ಎಲ್ಲಿ ಹೆಚ್ಚೋ ಅಲ್ಲಿ ಬಸ್ಸು. ಒಪ್ಪಂದದ ವಾಹನವೆಂದು ಪರವಾನಿಗೆ ಪಡೆದು ದಾರಿಯುದ್ದಕ್ಕೂ ಟಿಕೆಟ್ ಮಾರುತ್ತಾ ಓಡುವ ಈ ಚಾಳಿ ಹೊಸತೇನಲ್ಲ. ಒಪ್ಪಂದದ ವಾಹನಗಳು ಸಾರ್ವಜನಿಕ ಹಿತಕ್ಕೆ ಧಕ್ಕೆ ತರುವಂತೆ ಓಡುತ್ತಿವೆ ಎಂಬ ಕಾರಣ ಕೊಟ್ಟೇ ಕರ್ನಾಟಕ 1976ರಲ್ಲಿ ಅವುಗಳ ಸ್ವಾಧೀನಕ್ಕೆ ಕಾಯ್ದೆ ತಂದಿತ್ತು. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿತ್ತು. 2003ರಲ್ಲಿ ರಾಜ್ಯವೇ ಅದನ್ನು ಕೈಬಿಟ್ಟಿತು. ಕಾಯ್ದೆ ಕೈಬಿಟ್ಟದ್ದು ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ಆದರೆ ಬೀಗ ತೆಗೆದವರು ಕಾವಲುಗಾರನನ್ನಾದರೂ ನೇಮಿಸಬೇಕಿತ್ತಲ್ಲವೇ?

ಪ್ರತಿ ದುರಂತದ ಬಳಿಕ ವಿಶೇಷ ತಪಾಸಣೆ ಎಂಬ ಸುದ್ದಿ ಬರುತ್ತದೆ. ತುರ್ತು ನಿರ್ಗಮನ ದ್ವಾರ, ಬೆಂಕಿ ನಂದಿಸುವ ಸಾಧನ, ಗಾಜು ಒಡೆಯುವ ಸುತ್ತಿಗೆ ಇದೆಯೇ ಎಂದು ನಾಲ್ಕು ದಿನ ನೋಡುತ್ತಾರೆ, ದಂಡ ಹಾಕುತ್ತಾರೆ, ಫೋಟೊ ಬರುತ್ತದೆ. ಐದನೇ ದಿನ ಎಲ್ಲವೂ ಮೊದಲಿನಂತೆ. ಆ ಬಸ್ಸಿಗೆ ಅರ್ಹತಾ ಪತ್ರ ಕೊಟ್ಟವರು ಯಾರು, ಆಸನ ತೆಗೆದು ಹಾಸಿಗೆ ಜೋಡಿಸಿದ್ದನ್ನು ನೋಡಿಯೂ ಸಹಿ ಹಾಕಿದ ಕೈ ಯಾವುದು ಎಂಬ ವಿಚಾರಣೆ ಮಾತ್ರ ಮುಂದೆ ಸಾಗುವುದಿಲ್ಲ. ಸಿಬ್ಬಂದಿ ಕೊರತೆ ಇದೆ ಎಂಬುದು ಇಲಾಖೆಯ ಸಿದ್ಧ ಉತ್ತರ. ಕೊರತೆ ಇರುವುದು ನಿಜ. ಆದರೆ ಇದೇ ಸಿಬ್ಬಂದಿಯಿಂದ ಇಲಾಖೆ ವರ್ಷಕ್ಕೆ ಸಾವಿರಾರು ಕೋಟಿ ರೂಪಾಯಿ ತೆರಿಗೆ ಸಂಗ್ರಹಿಸುತ್ತದೆ. ತೆರಿಗೆಗೆ ಪ್ರತಿವರ್ಷ ಗುರಿ ನಿಗದಿಯಾಗುತ್ತದೆ, ತಲುಪದಿದ್ದರೆ ಅಧಿಕಾರಿಗಳನ್ನು ಕೇಳುವವರಿದ್ದಾರೆ. ಉಳಿದ ಪ್ರಾಣಗಳಿಗೆ ಗುರಿ ಎಲ್ಲಿದೆ? ಓಡದ ಟ್ರಿಪ್‌ಗಳಿಗೆ ಲೆಕ್ಕ ಎಲ್ಲಿದೆ? ಒಂದು ಇಲಾಖೆಯನ್ನು ವಸೂಲಿಯಿಂದ ಮಾತ್ರ ಅಳೆದರೆ ಅದು ವಸೂಲಿ ಇಲಾಖೆಯಾಗಿಯೇ ಬೆಳೆಯುತ್ತದೆ.

ಭದ್ರತೆಯ ಇನ್ನೊಂದು ಮುಖವೂ ಇದೆ. ಕರಾವಳಿಯಲ್ಲಿ ಚಲಿಸುತ್ತಿದ್ದ ಬಸ್ಸನ್ನು ತಡೆದು, ಭಿನ್ನ ಧರ್ಮದ ಸಹಪಾಠಿಗಳು ಅಕ್ಕಪಕ್ಕ ಕುಳಿತರೆಂಬ ಕಾರಣಕ್ಕೆ ಕೆಳಗಿಳಿಸಿ ಹಲ್ಲೆ ನಡೆಸಿದ ಅನೈತಿಕ ಪೊಲೀಸ್‌ಗಿರಿಯ ಘಟನೆಗಳು ಒಂದೆರಡಲ್ಲ. ಟಿಕೆಟ್ ಕೊಟ್ಟ ಕ್ಷಣದಿಂದ ಆ ಪ್ರಯಾಣಿಕನ ರಕ್ಷಣೆ ಬಸ್ಸಿನ ಹೊಣೆ. ಬಸ್ಸು ನಿಲ್ಲಿಸಿ ಪ್ರಯಾಣಿಕನನ್ನು ಗುಂಪಿಗೆ ಒಪ್ಪಿಸಿದರೆ, ಅಥವಾ ಯಾರು ಯಾರ ಪಕ್ಕ ಕುಳಿತಿದ್ದಾರೆಂದು ಸಿಬ್ಬಂದಿಯೇ ಫೋನಾಯಿಸಿ ಹೇಳಿದರೆ, ಆ ಪರವಾನಿಗೆಯ ಬಗ್ಗೆ ಪ್ರಾಧಿಕಾರಕ್ಕೆ ಹೇಳಲು ಏನೂ ಇಲ್ಲವೇ?

ನಾವು ಇದನ್ನೆಲ್ಲ ಬರೆಯುವಾಗ ನಮ್ಮ ಓದುಗರಲ್ಲೇ ಬಸ್ ಮಾಲಕರಿದ್ದಾರೆ, ಚಾಲಕರಿದ್ದಾರೆ, ನಿರ್ವಾಹಕರಿದ್ದಾರೆ ಎಂಬುದು ನಮಗೆ ಗೊತ್ತಿದೆ. ಅವರಿಗೆ ಒಂದು ಮಾತು: ಮಾತು ಕೊಟ್ಟು ತಪ್ಪುವುದು ಮತ್ತು ತೂಕದಲ್ಲಿ ಕಡಿಮೆ ಮಾಡುವುದು ಅಂಗಡಿಯಲ್ಲಿ ತಪ್ಪಾದರೆ, ಪರವಾನಿಗೆಯಲ್ಲಿ ಬರೆದ ಟ್ರಿಪ್ ಕಡಿತಗೊಳಿಸುವುದೂ ತಪ್ಪೇ. ನಷ್ಟವಾಗುತ್ತಿದ್ದರೆ ಪ್ರಾಧಿಕಾರದ ಮುಂದೆ ಹೇಳಿ, ಸಮಯ ಬದಲಿಸಿಕೊಳ್ಳಿ. ಕತ್ತಲಲ್ಲಿ ಕಾಯುತ್ತಿರುವ ಹೆಣ್ಮಗಳಿಗೆ ಹೇಳದೆ ಬಸ್ಸನ್ನು ಶೆಡ್ಡಿಗೆ ತಿರುಗಿಸಬೇಡಿ.

ಸರಕಾರದ ಮುಂದೆ ನಾವಿಡುವ ಬೇಡಿಕೆಗಳಿಗೆ ಹೊಸ ಕಾಯ್ದೆ ಬೇಕಾಗಿಲ್ಲ. ಪ್ರತಿ ತಂಗುದಾಣದಲ್ಲಿ, ಪ್ರತಿ ಬಸ್ಸಿನಲ್ಲಿ ಮಂಜೂರಾದ ವೇಳಾಪಟ್ಟಿಯನ್ನು ಕನ್ನಡದಲ್ಲಿ ಪ್ರದರ್ಶಿಸಲಿ. ಬಸ್ಸು ಎಲ್ಲಿದೆ ಎಂದು ತೋರಿಸುವ ಉಪಕರಣದ ಮಾಹಿತಿಯನ್ನು ಮಾಲಕರ ಮೊಬೈಲಿಗೆ ಮಾತ್ರ ಬಿಡದೆ ಪ್ರಾಧಿಕಾರವೂ ಪಡೆದು, ಓಡದ ಟ್ರಿಪ್‌ಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಲಿ. ಪದೇಪದೇ ತಪ್ಪುವವರ ಪರವಾನಿಗೆಯನ್ನು ಅಮಾನತುಗೊಳಿಸಲಿ. ಒಂದಿಷ್ಟು ಹಣ ಕಟ್ಟಿಸಿಕೊಂಡು ಬಿಟ್ಟುಬಿಡಲು 86ನೇ ಕಲಮಿನಲ್ಲಿರುವ ಅವಕಾಶ ರೂಢಿಯಾಗದಿರಲಿ. ಪ್ರಾಧಿಕಾರದಲ್ಲಿ ಪ್ರಯಾಣಿಕರ ಪ್ರತಿನಿಧಿಗೆ ಸ್ಥಾನವಿರಲಿ. ನಿಗಮಗಳಿಗೆ ಸಲಹಾ ಮಂಡಳಿ ರಚಿಸಲು 1950ರ ಕಾಯ್ದೆಯಲ್ಲೇ ಇರುವ ಅವಕಾಶವನ್ನು ಬಳಸಿ ಅಲ್ಲಿ ಮಹಿಳೆಯರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಲಿ. ಶಕ್ತಿ ಯೋಜನೆಯ ಬಾಬ್ತು ಎಷ್ಟು ಟಿಕೆಟ್ ಹರಿಯಿತು, ಎಷ್ಟು ಹಣ ಪಾವತಿಯಾಯಿತು, ಎಷ್ಟು ಬಾಕಿ ಎಂಬ ಲೆಕ್ಕ ಮೂರು ತಿಂಗಳಿಗೊಮ್ಮೆ ಜನರ ಮುಂದೆ ಬರಲಿ.

ಓದುಗರಿಗೂ ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ನಿಮ್ಮೂರ ಮಾರ್ಗದ ಪರವಾನಿಗೆ ಮತ್ತು ವೇಳಾಪಟ್ಟಿಯ ಪ್ರತಿ ಕೇಳಿ. ಊರಿನ ಯುವಕ ಸಂಘ, ಮಹಿಳಾ ಮಂಡಲ, ಜಮಾಅತ್ ಕಮಿಟಿ, ಭಜನಾ ಮಂಡಳಿ ಎಲ್ಲರೂ ಸೇರಿ ಅದನ್ನು ತಂಗುದಾಣದಲ್ಲಿ ಅಂಟಿಸಿ. ಬಾರದ ಬಸ್ಸಿನ ದಿನಾಂಕ ಮತ್ತು ಹೊತ್ತನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಿಂಗಳ ಕೊನೆಗೆ ಆ ಪುಸ್ತಕದ ನಕಲು ಜಿಲ್ಲಾಧಿಕಾರಿಗೆ ತಲುಪಲಿ, ಇನ್ನೊಂದು ನಕಲು ಶಾಸಕರಿಗೆ. ಸಾರಿಗೆ ಸಮಸ್ಯೆಗೆ ಜಾತಿ ಧರ್ಮಗಳಿಲ್ಲ. ಬಸ್ಸು ಬಾರದ ಸಂಜೆ ಎಲ್ಲ ಮನೆಗಳಲ್ಲೂ ತಾಯಂದಿರು ಒಂದೇ ರೀತಿ ಬಾಗಿಲಲ್ಲಿ ನಿಲ್ಲುತ್ತಾರೆ.

ಸಾರಿಗೆಯನ್ನು ನಿಯಂತ್ರಿಸುವವರು ಸರಕಾರಿ ಕಾರಿನಲ್ಲಿ ಓಡಾಡುತ್ತಾರೆ. ಅವರಿಗೆ ಬಸ್ಸು ತಪ್ಪುವ ಭಯವಿಲ್ಲ. ಸಚಿವರಿಂದ ಹಿಡಿದು ಸಾರಿಗೆ ಅಧಿಕಾರಿಯ ತನಕ ಪ್ರತಿಯೊಬ್ಬರೂ ತಿಂಗಳಲ್ಲಿ ಒಂದು ಸಂಜೆ, ಮುಂಚಿತವಾಗಿ ತಿಳಿಸದೆ, ಯಾವುದಾದರೂ ಒಂದು ತಂಗುದಾಣದಲ್ಲಿ ಕೊನೆಯ ಬಸ್ಸಿಗಾಗಿ ಕಾದು ನಿಲ್ಲಲಿ. ಆ ಬಸ್ಸು ಬಂದರೆ ಅವರ ಆಡಳಿತವನ್ನು ನಾವೂ ಮೆಚ್ಚೋಣ. ಬಾರದಿದ್ದರೆ ಮನೆಗೆ ನಡೆದು ಹೋಗುವ ದಾರಿಯುದ್ದಕ್ಕೂ ಅವರಿಗೆ ಯೋಚಿಸಲು ಸಾಕಷ್ಟು ಸಮಯ ಸಿಗಬಹುದು.